ಹದಿನೇಳನೇ ಪುಟದ ನೀರಿನ ಮಷಿನ್

ಕಟ್ಟೆ ಇತ್ತು, ಮಷಿನ್ ಇರಲಿಲ್ಲ.

ಮಲವಗೊಪ್ಪ ದಾಟಿ ಒಳದಾರಿ ಹಿಡಿದರೆ ಸಿಗುವ ಸಣ್ಣ ಸರ್ಕಾರಿ ಶಾಲೆ ಅದು. ಹೆಸರು ಬೇಡ, ಶಾಲೆಯದೇನೂ ತಪ್ಪಿಲ್ಲ. ವಿಜಯದಶಮಿಯ ಮಾರನೆ ದಿನ, ಬೆಳಿಗ್ಗೆ ಹತ್ತು ಗಂಟೆ. ದಸರಾ ರಜೆ, ಎಲ್ಲ ಕೊಠಡಿಗೂ ಬೀಗ. ಜಗಲಿಯ ಮೂಲೆಯಲ್ಲಿ ಹೊಸ ಸಿಮೆಂಟ್ ಕಟ್ಟೆ, ಅದಕ್ಕೆ ಬಿಳಿ ಟೈಲ್ಸ್, ಟೈಲ್ಸ್ ಮೇಲೆ ಒಂದು ಒಣಗಿದ ಎಲೆ. ಅಷ್ಟೇ.

“ಹರಿ, ಹದಿನೇಳನೇ ಪುಟ ತೆಗೆದು ಓದು,” ಎಂದರು ಜಗದಕ್ಕ.

ಓದುವುದೇನು ಬಂತು, ಬರೆದವನೇ ನಾನು! ಆದರೂ ಓದಿದೆ. “ಸೆಪ್ಟೆಂಬರ್ ನಾಲ್ಕರಂದು ಈ ಶಾಲೆಗೆ ಶುದ್ಧ ಕುಡಿಯುವ ನೀರಿನ ಯಂತ್ರವನ್ನು ಅರ್ಪಿಸಲಾಯಿತು. ನೂರಾ ಹನ್ನೆರಡು ಮಕ್ಕಳ ದಾಹ ತಣಿದಿದೆ.” ಕೆಳಗೆ ಫೋಟೋ. ಆಳೆತ್ತರದ ಕಡುನೀಲಿ ಮಷಿನ್, ಪಕ್ಕದಲ್ಲಿ ಲೋಟ ಹಿಡಿದು ನಗುವ ಮಕ್ಕಳು.

“ದಾಹ ತಣಿದಿದೆ ಅಂತ ಬರೆದಿದ್ದೀಯಲ್ಲ, ಬಂದು ನೋಡಿದ್ಯಾ?”

“ಕಂಪನಿಯವರು ಫೋಟೋ ಕಳಿಸಿದ್ರು ಜಗದಕ್ಕ.”

“ನೋಡಿದ್ಯಾ ಅಂತ ಕೇಳಿದ್ದು ಮಾರಾಯ.”

ನಾನು ವರದಿ ಮುಚ್ಚಿದೆ.

ನನ್ನ ಹೆಸರು ಹರಿಪ್ರಸಾದ್. ಶಿವಮೊಗ್ಗದ ಕೋಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮೊದಲು ಪತ್ರಿಕೆಯಲ್ಲಿದ್ದೆ. ಈಗ ಲಗ್ನಪತ್ರಿಕೆ ಮಾಡುತ್ತೇನೆ, ಸಂಘಗಳ ಕರಪತ್ರ ಮಾಡುತ್ತೇನೆ, ಜೊತೆಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ವರದಿ ಬರೆಯುತ್ತೇನೆ. ಕಂಪನಿ ಊರಿಗೆ ಏನು ಮಾಡಿತು, ಕೆಲಸಗಾರರನ್ನು ಹೇಗೆ ನೋಡಿಕೊಂಡಿತು ಎಂದು ಹೇಳುವ ಬಣ್ಣದ ಪುಸ್ತಕ ಅದು. ಅಂಕಿ ಅವರದು, ಫೋಟೋ ಅವರದು, ಮಾತು ನನ್ನದು. ಆ ಮಾತಿನ ಮೇಲೆ ನನಗೆ ಸ್ವಲ್ಪ ಜಂಭವೂ ಇತ್ತು. ಸ್ವಲ್ಪ ಏನು, ಜಾಸ್ತಿಯೇ ಇತ್ತು.

ಜಗದಕ್ಕ, ಪೂರ್ತಿ ಹೆಸರು ಜಗದಾಂಬಾ, ಕಾರ್ಮಿಕ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನಾನು ಪತ್ರಿಕೆಯಲ್ಲಿದ್ದ ಕಾಲದಿಂದಲೂ ಪರಿಚಯ. ವಯಸ್ಸು ಅರವತ್ತೆರಡು, ಹತ್ತಿ ಸೀರೆ, ಹೆಗಲಿಗೆ ಬಟ್ಟೆ ಚೀಲ. ವರದಿಯಲ್ಲಿ ಬರೆದದ್ದು ನೆಲದ ಮೇಲೆ ಇದೆಯೇ ಎಂದು ನೋಡಿ ಬರಲು ದೊಡ್ಡ ಕಂಪನಿಗಳು ಈಗ ಅವರನ್ನು ಕಳಿಸುತ್ತವೆ. ಈ ಸಲ ಕಳಿಸಿದ್ದು ಪುಣೆಯ ಒಂದು ಟ್ರ್ಯಾಕ್ಟರ್ ಕಂಪನಿ. ಭದ್ರಾವತಿ ರಸ್ತೆಯ ಗಿರಿಜಾಂಬ ಫೌಂಡ್ರಿಗೆ ಅದು ಮೂರು ವರ್ಷದ ಆರ್ಡರ್ ಕೊಡುವುದರಲ್ಲಿತ್ತು. ಗಿರಿಜಾಂಬ ಎಂದರೆ ಕಬ್ಬಿಣ ಕರಗಿಸಿ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆ. ಅದರ ವರದಿ ಬರೆದವನು ನಾನು. ಬರೆದವನನ್ನು ಜೊತೆಗೆ ಕರೆದುಕೊಂಡೇ ನೋಡಲು ಹೋಗುವುದು ಜಗದಕ್ಕನ ಪದ್ಧತಿ. ಇಂಥ ಪದ್ಧತಿ ಯಾವ ಪುಣ್ಯಾತ್ಮರು ಕಲಿಸಿದರೋ!

ಗೇಟಿನ ಬೀಗ ತೆಗೆದ ವಾಚ್‌ಮನ್ ಹುಲಿಯಪ್ಪ ದೂರದಲ್ಲೇ ನಿಂತಿದ್ದ. ಐವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ, ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಖಾಲಿ. ನಡುವಿನದು ಬೆವರಿಗೆ ಅಳಿಸಿರಬೇಕು ಎಂದುಕೊಂಡೆ.

“ಹುಲಿಯಪ್ಪ, ಇಲ್ಲಿದ್ದ ಮಷಿನ್ ಎಲ್ಲಪ್ಪ?” ಜಗದಕ್ಕ ಕೇಳಿದರು.

“ಬಂದ ದಿನಾನೇ ಹೋಯ್ತು ಅಮ್ಮ.”

“ಅಂದ್ರೆ?”

“ಬೆಳಿಗ್ಗೆ ತಂದು ಇಟ್ರು. ಹೊಸ ಮಷಿನ್ ಅಲ್ವಾ, ಪೂಜೆ ಮಾಡಿದೆ. ಫೋಟೋ ತೆಗೆದ್ರು. ಸಾಯಂಕಾಲ ಕಂಪನಿ ಗಾಡೀನೇ ಬಂತು. ಪೈಪ್ ಜೋಡಿಸ್ಕೊಂಡು ತರ್ತೀವಿ ಅಂದ್ರು. ಕೊಟ್ಟೆ.”

“ಕೊಟ್ಟಿದ್ದಕ್ಕೆ ಚೀಟಿ?”

“ಇಲ್ಲ ಅಮ್ಮ. ಕಂಪನಿಯೋರಲ್ವಾ ಅಂತ...”

ಜಗದಕ್ಕ ಕಟ್ಟೆಯ ಸುತ್ತ ಒಂದು ಸುತ್ತು ಬಂದರು. ನೀರು ಬರುವ ಪೈಪ್ ಇರಲಿಲ್ಲ. ನೀರು ಹೋಗುವ ತೂತೂ ಇರಲಿಲ್ಲ.

“ಮಕ್ಕಳು ನೀರಿಗೇನು ಮಾಡ್ತಾರೆ?”

“ಮನೆಯಿಂದ ಬಾಟ್ಲಿ ತರ್ತಾರೆ. ಸಾಲದಿದ್ರೆ ನನ್ನ ಹೆಂಡ್ತಿ ಚಿನ್ನಮ್ಮ ಬೋರಿಂದ ಬಿಂದಿಗೆ ತಂದಿಡ್ತಾಳೆ.”

“ನಂಗೂ ಒಂದು ಲೋಟ ಕೊಡಪ್ಪ.”

ಅವನು ಬಿಂದಿಗೆ ಬಗ್ಗಿಸಿ ನೀರು ಕೊಟ್ಟ. ಜಗದಕ್ಕ ಕುಡಿದರು, ಆದರೆ ಅವರ ಕಣ್ಣು ಲೋಟದ ಮೇಲಿರಲಿಲ್ಲ. ಬಿಂದಿಗೆ ಹಿಡಿದ ಕೈಯನ್ನೇ ನೋಡುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಆಮೇಲೆ ಕಂಪನಿಗೆ ಫೋನ್ ಮಾಡಿದರು. ಅರ್ಧ ಗಂಟೆಯೊಳಗೆ ರೂಪೇಶ್ ಕಾರಿನಲ್ಲಿ ಬಂದಿಳಿದ. ಸಾಮಾಜಿಕ ಹೊಣೆಗಾರಿಕೆಯ ಮ್ಯಾನೇಜರ್ ಅವನೇ. ಮೂವತ್ತೈದರ ಹುಡುಗ, ಇಸ್ತ್ರಿ ಮುರಿಯದ ಶರ್ಟು. ಕಟ್ಟೆ ನೋಡಿದ. ಹುಲಿಯಪ್ಪನನ್ನು ನೋಡಿದ.

“ಕಳವಾಗಿದೆ ಮೇಡಂ,” ಎಂದ.

“ಯಾವಾಗ?”

“ರಜೇಲಿ. ಶಾಲೆ ಕೀ ಇರೋದು ಇವನ ಹತ್ರ ಒಬ್ಬನ ಹತ್ರಾನೇ.”

“ಗಾಡಿ ಬಂದು ಒಯ್ತು ಅಂತಾನಲ್ಲ?”

“ಯಾವ ಗಾಡಿ? ನಮ್ಮ ಗಾಡಿ ಪುಸ್ತಕ ತೋರಿಸ್ತೀನಿ, ಆವತ್ತು ಸಾಯಂಕಾಲ ಒಂದು ಟ್ರಿಪ್ಪೂ ಇಲ್ಲ. ಇಲ್ಲಿ ನೋಡಿ, ಮಷಿನ್ ಬಂತು ಅಂತ ಇವನೇ ಸಹಿ ಹಾಕಿರೋ ಕಾಗದ. ವಾಪಸ್ ಕೊಟ್ಟಿದ್ದಕ್ಕೆ ಕಾಗದ ಇದ್ಯಾ?”

“ಪೈಪೇ ಇಲ್ವಲ್ಲ ರೂಪೇಶ್?”

“ಆ ಕೆಲಸ ಬಾಕಿ ಇತ್ತು ಮೇಡಂ. ಅಷ್ಟರಲ್ಲಿ ಕದ್ದು ಗುಜರಿಗೆ ಹಾಕಿದ್ದಾನೆ.”

ಹುಲಿಯಪ್ಪ ಒಂದು ಹೆಜ್ಜೆ ಮುಂದೆ ಬಂದ. “ಸಾರ್, ದೇವರಾಣೆ... ಮಗಳು ಕವನ ಕಾಲೇಜಿಗೆ ಹೋಗ್ತಾಳೆ ಸಾರ್. ಕಳ್ಳನ ಮಗಳು ಅಂತ ಅನ್ನಿಸಬೇಡಿ.”

“ಸಂಜೆ ಐದಕ್ಕೆ ಠಾಣೇಲಿ ದೂರು ಕೊಡ್ತೀನಿ,” ಎಂದ ರೂಪೇಶ್. “ಇವನ ಕೆಲಸಾನೂ ಇವತ್ತಿಗೆ ಮುಗೀತು. ಇವನ ಸಂಬಳ ಕೊಡ್ತಿರೋರೂ ನಾವೇ ಮೇಡಂ, ಅದೂ ವರದೀಲಿದೆ.”

ಇತ್ತು, ಹತ್ತೊಂಬತ್ತನೇ ಪುಟ. ‘ಗ್ರಾಮೀಣ ಶಾಲೆಗಳಿಗೆ ಕಾವಲಿನ ಆಸರೆ’ ಎಂದು ತಲೆಬರಹ ಕೊಟ್ಟವನು ನಾನೇ.

“ಐದು ಗಂಟೆವರೆಗೆ ತಡಿ,” ಎಂದರು ಜಗದಕ್ಕ. “ಅಷ್ಟು ಹೊತ್ತು ನಂಗೆ ಕೊಡು. ಹುಲಿಯಪ್ಪ, ನಾಲ್ಕೂವರೆಗೆ ಫೌಂಡ್ರಿ ಹತ್ರ ಬಾ. ಹೆದರ್ಬೇಡ.”

ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದೆಯೇ? ಗೇಟಿನವರೆಗೆ ನಮ್ಮ ಹಿಂದೆಯೇ ಬಂದ. ಏನೋ ಹೇಳಲು ಬಾಯಿ ತೆರೆದು, ರೂಪೇಶನ ಕಾರು ನೋಡಿ, ಬಾಯಿ ಮುಚ್ಚಿಕೊಂಡ.

ಕಾರಿನಲ್ಲಿ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. “ಐದು ಶಾಲೆಗೆ ಮಷಿನ್ ಕೊಟ್ಟಿದ್ದಾರೆ ಅಂತ ವರದೀಲಿದೆಯಲ್ಲ, ಉಳಿದ ನಾಲ್ಕಕ್ಕೂ ಹೋಗಿ ನೋಡೋಣ ಜಗದಕ್ಕ, ತೀರಿಹೋಗುತ್ತೆ.”

“ಎಲ್ಲಾ ಕಡೆ ಬೀಗ ಮಾರಾಯ. ಮೇಷ್ಟ್ರುಗಳು ಊರಲ್ಲಿಲ್ಲ. ರೂಪೇಶ್ ಹೇಳ್ತಾನೆ ನಾಲ್ಕರಲ್ಲೂ ಮಷಿನ್ ನಡೀತಿದೆ ಅಂತ. ಫೋಟೋ ಇದೆಯಲ್ಲ, ಅದೇ ಸಾಕ್ಷಿಯಂತೆ.”

“ಫೋಟೋ ಚೆನ್ನಾಗೇ ಇವೆ,” ಎಂದೆ. “ಬಂದಾಗ ಅಷ್ಟು ಚೆನ್ನಾಗಿರ್ಲಿಲ್ಲ. ಲೆನ್ಸ್ ಒರೆಸದೆ ತೆಗೆದಿದ್ದ ಪುಣ್ಯಾತ್ಮ. ಐದರಲ್ಲೂ ಬಿಳಿ ಕಲೆ. ಕೂತು ಒಂದೊಂದಾಗಿ ಅಳಿಸಿದೆ.”

ಜಗದಕ್ಕ ತಿರುಗಿ ನನ್ನನ್ನು ನೋಡಿದರು.

ಫೌಂಡ್ರಿಯ ಗೇಟಿನಲ್ಲಿ ಆಯುಧಪೂಜೆಯ ದಿನ ಒಡೆದ ಬೂದುಗುಂಬಳದ ಕುಂಕುಮ ಇನ್ನೂ ನೆಲಕ್ಕೆ ಅಂಟಿಕೊಂಡಿತ್ತು. ಲಾರಿಗೆ ಹಾರ, ತಕ್ಕಡಿಗೆ ಹಾರ, ಗೇಟಿನ ಬೆಲ್ಲಿಗೂ ಹಾರ. ಸಂದರ್ಶಕರ ಹಾಲ್‌ನಲ್ಲಿ ಕಂಪ್ಯೂಟರು, ಕ್ಯಾಮೆರಾ, ನೀರಿನ ಮಷಿನ್, ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲಕ್ಕೂ ಕೈಯಗಲದ ಚೆಂಡುಹೂವಿನ ಹಾರ. ಬಿಸಿಲಿನಲ್ಲಿ ಬಂದಿದ್ದೆನಲ್ಲ, ತಣ್ಣನೆ ನೀರು ಎರಡು ಲೋಟ ಕುಡಿದೆ. ಹೊಟ್ಟೆ ತಣ್ಣಗಾಯಿತು.

ಮಾಲೀಕ ಚಂದ್ರಶೇಖರಪ್ಪನವರು ಎದ್ದು ಬಂದು ಕೈಮುಗಿದರು. ಅರವತ್ತು ದಾಟಿದವರು. ಸಣ್ಣ ಶೆಡ್ಡಿನಲ್ಲಿ ಶುರು ಮಾಡಿ ಮುನ್ನೂರು ಜನಕ್ಕೆ ಕೆಲಸ ಕೊಟ್ಟವರು. ಕೆಟ್ಟ ಮನುಷ್ಯ ಎಂದು ಇವತ್ತಿಗೂ ಹೇಳಲಾರೆ.

“ಮಷಿನ್ ವಿಷ್ಯ ಕೇಳಿ ಬೇಜಾರಾಯ್ತಮ್ಮ. ಒಬ್ಬ ಕಳ್ಳನಿಂದ ನಮ್ಮ ಹೆಸರು ಹಾಳಾಗಬಾರ್ದು. ಈ ಆರ್ಡರ್ ಬರದಿದ್ರೆ ಮುಂದಿನ ವರ್ಷ ನೂರು ಜನಾನ ಮನೆಗೆ ಕಳಿಸ್ಬೇಕಾಗುತ್ತೆ.”

“ಮೂವತ್ತನೇ ಪುಟದ ಚಿತ್ರ ಸ್ವಲ್ಪ ವಿವರಿಸ್ತೀರಾ?” ಎಂದರು ಜಗದಕ್ಕ.

ಆ ಚಿತ್ರ ನನ್ನ ಹೆಮ್ಮೆ. ಎರಡು ಗೆರೆ. ಹಸಿರುಗೆರೆ ಊರಿಗೆ ಕೊಟ್ಟದ್ದು, ಕೆಂಪುಗೆರೆ ಕಂಪನಿಯ ವ್ಯಾಪಾರ. ಎರಡೂ ಅಕ್ಕಪಕ್ಕ ಮೇಲೇರುತ್ತವೆ. ಅಡಿಯಲ್ಲಿ ನನ್ನದೇ ಮಾತು: ‘ಒಳಿತು ಮಾಡಿದ ಕೈಗೆ ಏಳಿಗೆ ತಾನಾಗಿ ಬಂತು.’

“ಅದರಲ್ಲೇ ಇದೆಯಲ್ಲಮ್ಮ. ಕೊಡ್ತಾ ಬಂದ್ವಿ, ಬೆಳೀತಾ ಬಂದ್ವಿ.”

“ಬೆಳೆದಿದ್ದಕ್ಕೆ ಕೊಟ್ರೋ, ಕೊಟ್ಟಿದ್ದಕ್ಕೆ ಬೆಳೆದ್ರೋ?”

ಚಂದ್ರಶೇಖರಪ್ಪ ನಕ್ಕರು. “ಎರಡೂ ಒಂದೇ ಅಲ್ವೇನಮ್ಮ?”

“ಒಂದೇ ಅಲ್ಲ. ಕೆಲಸಗಾರರನ್ನ ಚೆನ್ನಾಗಿ ನೋಡ್ಕೊಂಡ್ರೆ ಕೆಲಸ ಬಿಡಲ್ಲ, ಎರಕ ಕೆಡಲ್ಲ, ಲಾಭ ಬರುತ್ತೆ. ಅದನ್ನ ನಾನು ಕಣ್ಣಾರೆ ನೋಡಿದ್ದೀನಿ. ಲಾಭ ಬಂದ ವರ್ಷ ಕೈಬಿಚ್ಚಿ ಕೊಟ್ಟು ಫೋಟೋ ತೆಗೆಸ್ಕೊಳ್ಳೋದನ್ನೂ ನೋಡಿದ್ದೀನಿ. ಗೆರೆ ಎರಡೂ ಕಡೆ ಒಂದೇ ಥರ ಕಾಣುತ್ತೆ.” ಅವರು ಪುಟದ ಕೊನೆಗೆ ಬೆರಳಿಟ್ಟರು. “ಈ ವರ್ಷ ಮಾತ್ರ ಬೇರೆ. ಕೆಂಪುಗೆರೆ ಕೆಳಗೆ ಬಂದಿದೆ. ಯಾಕೆ?”

“ಕುಲುಮೆ ಕೆಟ್ಟಿತ್ತು. ಎರಡು ತಿಂಗಳು ಎರಕ ನಿಂತುಹೋಯ್ತು.”

“ಆದ್ರೂ ಹಸಿರುಗೆರೆ ಏರ್ತಾನೇ ಇದೆ. ಕೈ ಬಿಗಿ ಇದ್ದ ವರ್ಷಾನೇ ಐದು ಶಾಲೆಗೆ ಮಷಿನ್.”

“ಒಳ್ಳೆ ಕೆಲಸ ನಿಲ್ಲಿಸ್ಬಾರ್ದು ಅಂತ...” ಎಂದರು ಚಂದ್ರಶೇಖರಪ್ಪ. ರೂಪೇಶ್ ತನ್ನ ಮೊಬೈಲ್ ನೋಡುತ್ತಿದ್ದ.

“ಸರಿ,” ಎಂದು ಜಗದಕ್ಕ ಎದ್ದರು. “ನಾಲ್ಕೂವರೆಗೆ ಬರ್ತೀವಿ. ನಿಮ್ಮ ಗಾಡಿ ಡ್ರೈವರೂ ಇರ್ಲಿ.”

ಅಲ್ಲಿಂದ ಸೀದಾ ಕೋಟೆಗೆ, ನನ್ನ ಅಂಗಡಿಗೆ.

“ಅಳಿಸೋಕೆ ಮುಂಚಿನ ಫೋಟೋ ಇದ್ಯಾ?”

ಇತ್ತು. ನಾನು ಏನನ್ನೂ ಎಸೆಯುವವನಲ್ಲ. ಐದನ್ನೂ ಒಂದರ ಪಕ್ಕ ಒಂದು ತೆರೆದಿಟ್ಟೆ. ರೂಪೇಶ್ ಕೊಟ್ಟ ದಿನಾಂಕಗಳ ಪ್ರಕಾರ ಮೊದಲ ಶಾಲೆ ಜೂನ್ ಹನ್ನೆರಡು. ಆಮೇಲೆ ಜುಲೈಯಲ್ಲಿ ಎರಡು, ಆಗಸ್ಟ್‌ನಲ್ಲಿ ಒಂದು. ಕೊನೆಯದು ಹುಲಿಯಪ್ಪನ ಶಾಲೆ, ಸೆಪ್ಟೆಂಬರ್ ನಾಲ್ಕು.

“ಕಲೆ ಎಲ್ಲಿ?”

“ನೋಡಿ, ನೀಲಿ ಮೇಲೆ ಬಿಳಿ. ಎಲ್ಲದರಲ್ಲೂ ಇದೆ.”

“ಲೆನ್ಸ್ ಮೇಲೆ ಧೂಳಿದ್ರೆ ಫೋಟೋದಲ್ಲಿ ಎಲ್ಲಿ ಬೀಳುತ್ತೆ ಹರಿ?”

“ಎಲ್ಲಾ ಫೋಟೋದಲ್ಲೂ ಒಂದೇ ಜಾಗದಲ್ಲಿ. ಮೇಲೆ ಎಡಕ್ಕಿದ್ರೆ ಎಡಕ್ಕೇ...”

ಮತ್ತೆ ಬಗ್ಗಿ ನೋಡಿದೆ. ಮೊದಲ ಫೋಟೋದಲ್ಲಿ ಮಷಿನ್ ಎಡತುದಿಯಲ್ಲಿತ್ತು, ಕಲೆಯೂ ಎಡದಲ್ಲಿ. ಎರಡನೆಯದರಲ್ಲಿ ಮಷಿನ್ ಬಲಕ್ಕೆ, ಕಲೆಯೂ ಬಲಕ್ಕೆ. ದೂರದಿಂದ ತೆಗೆದದ್ದರಲ್ಲಿ ಕಲೆ ಚಿಕ್ಕದು, ಹತ್ತಿರದಿಂದ ತೆಗೆದದ್ದರಲ್ಲಿ ದೊಡ್ಡದು. ಎಲ್ಲದರಲ್ಲೂ ನಲ್ಲಿಯಿಂದ ಒಂದು ಗೇಣು ಮೇಲೆ.

“ಕಲೆ ಲೆನ್ಸಿನದಲ್ಲ,” ಎಂದೆ ಮೆಲ್ಲಗೆ. “ಮಷಿನ್ನಿನದು.”

“ದೊಡ್ಡದು ಮಾಡಿ ನೋಡು.”

ದೊಡ್ಡದು ಮಾಡಿದೆ. ಅಡ್ಡಕ್ಕೆ ಎರಡು ಬಿಳಿ ಗೆರೆ. ಮೇಲೊಂದು, ಕೆಳಗೊಂದು. ನಡುವೆ ಖಾಲಿ.

ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಜಗದಕ್ಕ ಐದನ್ನೂ ಪ್ರಿಂಟ್ ಹಾಕಿಸಿಕೊಂಡು ಚೀಲಕ್ಕೆ ಇಟ್ಟರು. ಹೊರಗೆ ನಿಂತು ಎರಡು ಫೋನ್ ಮಾಡಿದರು. ಒಳಗೆ ಬಂದು ನನ್ನ ವರದಿಯ ಒಂಬತ್ತನೇ ಪುಟ ಓದುತ್ತಾ ಬಹಳ ಹೊತ್ತು ಕೂತರು. ಒಂಬತ್ತನೇ ಪುಟದಲ್ಲಿ ಮಷಿನ್ ವಿಷಯ ಒಂದು ಅಕ್ಷರವೂ ಇಲ್ಲ.

“ಅದ್ಯಾಕೆ ಜಗದಕ್ಕ?”

“ಇದೂ ನೀನೇ ಬರೆದಿದ್ದಾ?”

“ಹೂಂ.”

“ನಡಿ,” ಎಂದರು.

ನಾಲ್ಕೂವರೆಗೆ ಎಲ್ಲರೂ ಆ ಹಾಲ್‌ನಲ್ಲಿದ್ದರು. ಚಂದ್ರಶೇಖರಪ್ಪ ಸೋಫಾದಲ್ಲಿ. ರೂಪೇಶನ ಕೈಯಲ್ಲಿ ಟೈಪ್ ಮಾಡಿದ ದೂರು. ಬಾಗಿಲ ಹತ್ತಿರ ಡ್ರೈವರ್ ಯೋಗರಾಜ್, ಭದ್ರಾವತಿಯವನು. ಹುಲಿಯಪ್ಪ ಚಪ್ಪಲಿ ಹೊರಗೆ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತಿದ್ದ. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ.

“ಮೇಡಂ, ಐದಕ್ಕೆ ನಾನು ಹೊರಡ್ತೀನಿ,” ಎಂದ ರೂಪೇಶ್.

“ಹೊರಡುವಂತೆ. ಅದಕ್ಕೆ ಮುಂಚೆ ಹೇಳು. ಐದು ಮಷಿನ್ ಯಾವ ಯಾವ ತಿಂಗಳು ಕೊಟ್ರಿ?”

“ಜೂನಿಂದ ಸೆಪ್ಟೆಂಬರ್‌ವರೆಗೆ. ವರದೀಲಿದೆ.”

“ಎಲ್ಲಾ ಬೇರೆ ಬೇರೆ ಮಷಿನ್?”

“ಒಂದೇ ಕಂಪನಿದು, ಒಂದೇ ಮಾಡೆಲ್. ಆದ್ರೆ ಐದು ಮಷಿನ್.”

ಜಗದಕ್ಕ ಪ್ರಿಂಟುಗಳನ್ನು ಟೀಪಾಯಿಯ ಮೇಲೆ ಸಾಲಾಗಿ ಇಟ್ಟರು. “ಇವು ಹರಿ ಅಳಿಸೋಕೆ ಮುಂಚಿನವು. ಈ ಎರಡು ಗೆರೆ ಏನು?”

ರೂಪೇಶ್ ಬಗ್ಗಿ ನೋಡಿದ. “ವಿಭೂತಿ ಇರಬೇಕು. ಹೊಸ ಮಷಿನ್ ಬಂದ್ರೆ ಎಲ್ಲಾ ಶಾಲೇಲೂ ಪೂಜೆ ಮಾಡ್ತಾರೆ ಮೇಡಂ. ಅದರಲ್ಲೇನಿದೆ?”

“ನಿಜ. ಹಾಕ್ತಾರೆ. ಎಷ್ಟು ಗೆರೆ ಹಾಕ್ತಾರೆ?”

ಬಾಗಿಲ ಹತ್ತಿರದಿಂದ ಯೋಗರಾಜನೇ ಹೇಳಿದ. “ಮೂರು ಅಕ್ಕಾ.”

“ಮೂರು. ಮೂರು ಬೆರಳು, ಮೂರು ಗೆರೆ. ಐದು ಊರಲ್ಲಿ, ಐದು ಜನ, ನಾಲ್ಕು ತಿಂಗಳಲ್ಲಿ ಪೂಜೆ ಮಾಡಿ, ಐದರಲ್ಲೂ ನಡುವಿನ ಗೆರೆ ಒಂದೇ ಬಿಟ್ಟುಹೋಗುತ್ತಾ?” ಅವರು ಗೋಡೆಯ ಕಡೆ ತಿರುಗಿದರು. ದನಿ ಇಳಿಯಿತು. “ಹುಲಿಯಪ್ಪ, ಕೈ ತೋರಿಸಪ್ಪ. ನಾಚಿಕೆ ಬೇಡ.”

ಹುಲಿಯಪ್ಪ ಟವೆಲ್ ಬಿಚ್ಚಿದ. ಬಲಗೈಯ ನಡುಬೆರಳು ಬುಡದ ಹತ್ತಿರಕ್ಕೇ ಮುಗಿದಿತ್ತು.

ಬೆಳಿಗ್ಗೆಯೇ ಅವನ ಹಣೆ ನೋಡಿದ್ದೆ. ಬೆವರು ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

“ಇವನು ವಿಭೂತಿ ಎಳೆದ್ರೆ ಎರಡೇ ಗೆರೆ ಬರುತ್ತೆ, ನಡುವೆ ಖಾಲಿ,” ಎಂದರು ಜಗದಕ್ಕ. “ಸೆಪ್ಟೆಂಬರ್ ನಾಲ್ಕಕ್ಕೆ ಇವನು ಹಾಕಿದ ಗುರುತು ಜೂನ್ ಹನ್ನೆರಡರ ಫೋಟೋದಲ್ಲಿ ಹೇಗೆ ಬಂತು ರೂಪೇಶ್?”

ರೂಪೇಶ್ ಕೈಯಲ್ಲಿದ್ದ ಕಾಗದವನ್ನು ಮಡಚತೊಡಗಿದ.

“ನಾನು ಹೇಳ್ತೀನಿ. ಮಷಿನ್ ಇದ್ದಿದ್ದೇ ಒಂದು. ಮೊದಲು ಹೋಗಿದ್ದು ಮಲವಗೊಪ್ಪದ ಕಡೆಗೆ. ಹುಲಿಯಪ್ಪ ಪೂಜೆ ಮಾಡಿದ, ಫೋಟೋ ಆಯ್ತು. ಸಾಯಂಕಾಲ ಅದನ್ನೇ ಗಾಡಿಗೆ ಹಾಕ್ಕೊಂಡು ಮುಂದಿನ ಎರಡು ದಿನದಲ್ಲಿ ಉಳಿದ ನಾಲ್ಕು ಶಾಲೆ ಸುತ್ತಿಸಿದ್ರಿ. ತಾರೀಖು ಆಮೇಲೆ ಹಾಕ್ಕೊಂಡ್ರಿ. ಭದ್ರಾವತಿ ಕಡೆ ಶಾಲೆಯ ಸಾವಿತ್ರಮ್ಮ ಮೇಡಂಗೆ ಈಗಷ್ಟೇ ಫೋನ್ ಮಾಡಿದ್ದೆ. ‘ಪೈಪ್ ಜೋಡಿಸ್ಕೊಂಡು ತರ್ತೀವಿ ಅಂತ ಒಯ್ದಿದ್ದಾರೆ, ಕಾಯ್ತಾ ಇದ್ದೀವಿ’ ಅಂದ್ರು. ಇನ್ನೊಂದು ಶಾಲೆಯವರದೂ ಅದೇ ಮಾತು. ಹುಲಿಯಪ್ಪಂಗೆ ಹೇಳಿದ ಮಾತೇ.”

“ಊಹೆ ಇದು!” ರೂಪೇಶ್ ದನಿ ಏರಿಸಿದ. “ಒಂದೇ ಮಷಿನ್ ಆಗಿದ್ರೆ ಈಗ ಎಲ್ಲಿದೆ? ಇವನು ಮಾರಿರೋದ್ರಿಂದಲೇ ಸಿಗ್ತಿಲ್ಲ!”

“ಹರಿ,” ಎಂದರು ಜಗದಕ್ಕ, “ಬೆಳಿಗ್ಗೆ ಇಲ್ಲಿ ಎರಡು ಲೋಟ ನೀರು ಕುಡಿದ್ಯಲ್ಲ, ಚೆನ್ನಾಗಿತ್ತಾ?”

ನಾನು ತಿರುಗಿ ನೋಡಿದೆ. ಹಾಲ್‌ನ ಮೂಲೆಯಲ್ಲಿ ಕಡುನೀಲಿ ಮಷಿನ್, ಮೈತುಂಬಾ ಚೆಂಡುಹೂ.

ಜಗದಕ್ಕ ಎದ್ದು ಹೋಗಿ, ನಲ್ಲಿಯ ಮೇಲೆ ಅಡ್ಡಬಿದ್ದಿದ್ದ ಹಾರವನ್ನು ಒಂದು ಕೈಯಿಂದ ಸರಿಸಿದರು. ಆಯುಧಪೂಜೆಯ ಹೊಸ ಕುಂಕುಮದ ಅಡಿಯಲ್ಲಿ ಎರಡು ಹಳೆಯ ಬಿಳಿ ಗೆರೆ. ನಡುವೆ ಖಾಲಿ.

ಹುಲಿಯಪ್ಪ ಗೋಡೆ ಬಿಟ್ಟು ನಿಧಾನ ಮುಂದೆ ಬಂದ. ಕೈ ಎತ್ತಿ ಗೆರೆಗಳ ಮೇಲೆ ಇಟ್ಟ. ಎರಡು ಬೆರಳು ಎರಡು ಗೆರೆಯ ಮೇಲೆ ಕೂತವು. “ನಂದೇ ಅಮ್ಮ,” ಎಂದ. ಅಷ್ಟು ಹೊತ್ತು ತಡೆದಿದ್ದವನು ಈಗ ಅತ್ತ.

“ಯೋಗರಾಜ್,” ಜಗದಕ್ಕ ಕೇಳಿದರು, “ಫೋಟೋಗೆ ಮುಂಚೆ ಮಷಿನ್ ಒರೆಸು ಅಂತ ಹೇಳಿರಲಿಲ್ವಾ?”

“ಹೇಳಿದ್ರಕ್ಕಾ. ಪ್ರತಿ ಶಾಲೇಲೂ ಪಳಪಳ ಒರೆಸಿದೆ.”

“ಇದನ್ನ ಯಾಕೆ ಬಿಟ್ಟೆ?”

ಯೋಗರಾಜ್ ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದ. “ಪೂಜೆ ಮಾಡಿದ್ದಲ್ವಾ ಅಕ್ಕಾ. ವಿಭೂತಿ ಒರೆಸೋಕೆ ಯಾರಿಗಾದ್ರೂ ಕೈ ಬರುತ್ತಾ? ಗಾಡಿ ಓಡಿಸಿ ಬದುಕೋನು ನಾನು. ಸುತ್ತ ಒರೆಸಿ ಅದನ್ನ ಬಿಟ್ಟೆ.”

“ಕೇಳಿದ್ಯಾ ಹರಿ? ಇವನ ಕೈಯಲ್ಲಿ ಅಳಿಸೋಕಾಗ್ಲಿಲ್ಲ. ಕಂಪ್ಯೂಟರಲ್ಲಿ ನೀನು ಅಳಿಸಿಬಿಟ್ಟೆ.”

ನಾನು ನೆಲ ನೋಡಿದೆ. ಜಗದಕ್ಕ ರೂಪೇಶನ ಕೈಯಿಂದ ದೂರಿನ ಕಾಗದ ತೆಗೆದುಕೊಂಡರು. “ಮಷಿನ್ ತಗೊಂಡು ಹೋದೋನು ನೀನು. ಬೆಳಿಗ್ಗೆ ನಾನು ಫೋನ್ ಮಾಡಿ ಕರೆಸಿದಾಗ ಹೆದರಿ ಕಳವು ಅಂದುಬಿಟ್ಟೆ. ಆ ಮಾತು ಉಳಿಸ್ಕೊಳ್ಳೋಕೆ ಒಬ್ಬ ಮನುಷ್ಯನ್ನ ಕಳ್ಳ ಮಾಡೋಕೆ ಹೊರಟಿದ್ದೆ.”

“ನಾನೊಬ್ಬನೇ ಅಲ್ಲ ಮೇಡಂ!” ರೂಪೇಶನ ಇಸ್ತ್ರಿ ಮುರಿಯಿತು. “ಐದು ಮಷಿನ್‌ಗೆ ಇಟ್ಟಿದ್ದ ದುಡ್ಡನ್ನ ಕುಲುಮೆ ರಿಪೇರಿಗೆ ತಿರುಗಿಸಿದ್ದು ಸಾಹೇಬರು. ವರದಿ ಮಾತ್ರ ಈ ತಿಂಗಳೇ ಪುಣೆಗೆ ಹೋಗ್ಬೇಕು ಅಂದ್ರು. ಹಸಿರುಗೆರೆ ಕೆಳಗೆ ಬರಬಾರ್ದು ಅಂದ್ರು. ಒಂದು ಮಷಿನ್‌ನಲ್ಲಿ ನಾನೇನು ಮಾಡ್ಲಿ? ಆರ್ಡರ್ ಬಂದ ಮೇಲೆ ಉಳಿದ ನಾಲ್ಕು ತಗೊಂಡ್ರಾಯ್ತು ಅಂದ್ಕೊಂಡೆ.”

ಎಲ್ಲರೂ ಚಂದ್ರಶೇಖರಪ್ಪನವರನ್ನು ನೋಡಿದರು. ಅವರು ಆ ಮಷಿನ್ನನ್ನೇ ನೋಡುತ್ತಿದ್ದರು.

“ದಿನಾ ಇದರ ನೀರೇ ಕುಡೀತಿದ್ದೀನಿ,” ಎಂದರು. “ಎಲ್ಲಿಂದ ಬಂತು ಅಂತ ಕೇಳ್ಲಿಲ್ಲ. ವರದಿ ಯಾವಾಗ ಅಂತ ಕೇಳಿದೆ. ಶಾಲೇಲಿ ನೀರು ಬಂತಾ ಅಂತ ಕೇಳ್ಲಿಲ್ಲ. ಕೇಳಿದ್ರೆ ಗೊತ್ತಾಗಿಬಿಡುತ್ತೆ ಅಂತಲೇ ಕೇಳ್ಲಿಲ್ಲವೇನೋ.” ಅವರು ಎದ್ದು ಹುಲಿಯಪ್ಪನ ಮುಂದೆ ನಿಂತರು. “ತಪ್ಪಾಯ್ತಪ್ಪ.”

ಹುಲಿಯಪ್ಪ ಗಾಬರಿಯಿಂದ ಕೈ ಮುಗಿದ. ಮುಗಿದ ಕೈಯಲ್ಲಿ ಆ ತುಂಡುಬೆರಳು ಎದ್ದು ಕಾಣುತ್ತಿತ್ತು.

“ಇನ್ನೊಂದಿದೆ,” ಎಂದರು ಜಗದಕ್ಕ. “ಹುಲಿಯಪ್ಪ, ಬೆರಳು ಎಲ್ಲಿ ಹೋಯ್ತು?”

ಅವನು ಮಾಲೀಕರನ್ನು ನೋಡಿದ. ಚಂದ್ರಶೇಖರಪ್ಪ ತಲೆಯಾಡಿಸಿದರು.

“ಇಲ್ಲೇ ಅಮ್ಮ. ಹೋದ ವರ್ಷ ಶ್ರಾವಣದಲ್ಲಿ. ಅಚ್ಚಿನ ಪೆಟ್ಟಿಗೆ ಎತ್ತುವಾಗ ಕೊಕ್ಕೆ ಜಾರ್ತು. ನಾನು ಕಂಟ್ರಾಕ್ಟ್ ಆಳಾಗಿದ್ದೆ. ಆಸ್ಪತ್ರೆ ಖರ್ಚು ಕೊಟ್ರು. ಆಮೇಲೆ ಶಾಲೇಲಿ ವಾಚ್‌ಮನ್ ಕೆಲಸ ಕೊಡ್ತೀವಿ, ಇದನ್ನ ಎಲ್ಲೂ ಹೇಳ್ಬೇಡ ಅಂದ್ರು. ಹೇಳ್ಲಿಲ್ಲ.”

“ಹರಿ, ಒಂಬತ್ತನೇ ಪುಟ.”

ತೆಗೆಯುವ ಅಗತ್ಯವಿರಲಿಲ್ಲ. ದೊಡ್ಡ ಹಸಿರು ಅಕ್ಷರದಲ್ಲಿ, ಪುಟದ ನಟ್ಟನಡುವೆ, ನಾನೇ ಕೂರಿಸಿದ್ದೆ. ‘ಕಳೆದ ಎರಡು ವರ್ಷಗಳಲ್ಲಿ ಅಪಘಾತ: 0.’ ಸೊನ್ನೆಯೊಳಗೆ ನಗುವ ಕೆಲಸಗಾರನ ಚಿತ್ರ ಬೇರೆ.

“ಕಂಟ್ರಾಕ್ಟಿನವರನ್ನ ಲೆಕ್ಕಕ್ಕೆ ಹಿಡಿಯಲ್ಲ,” ಎಂದು ರೂಪೇಶ್ ಗೊಣಗಿದ. ಯಾರೂ ಅವನತ್ತ ತಿರುಗಲಿಲ್ಲ.

“ಆರ್ಡರ್ ಹೋಯ್ತಲ್ಲಮ್ಮ?” ಎಂದು ಕೇಳಿದರು ಚಂದ್ರಶೇಖರಪ್ಪ.

“ಗೊತ್ತಿಲ್ಲ. ಹೋಗ್ಬಹುದು. ಪುಣೆಯವರಿಗೆ ನಾನು ನೋಡಿದ್ದನ್ನ ಬರೀತೀನಿ. ನೀವು ಕೇಳಿದ ಕ್ಷಮೇನೂ ಬರೀತೀನಿ. ಕುಲುಮೆ ಕೆಟ್ಟಿತ್ತು, ಈ ವರ್ಷ ಒಂದೇ ಮಷಿನ್ ಕೊಡೋಕಾಯ್ತು ಅಂತ ಬರೆದಿದ್ರೆ ನಂಗೆ ಇಲ್ಲಿ ಕೆಲಸಾನೇ ಇರ್ತಿರ್ಲಿಲ್ಲ.”

ರೂಪೇಶ್ ದೂರನ್ನು ವಾಪಸ್ ಇಸಿದುಕೊಂಡು ಹರಿದು, ಹುಲಿಯಪ್ಪನ ಮೇಲೆ ಹೊರಿಸಿದ ಆರೋಪ ಸುಳ್ಳು ಎಂದು ಬರೆದು ಸಹಿ ಹಾಕಿದ. ಮಾಲೀಕರೂ ಸಹಿ ಹಾಕಿದರು. ಹುಲಿಯಪ್ಪನ ಕೆಲಸ ಹೋಗುವುದಿಲ್ಲ ಎಂದೂ ಅದರಲ್ಲೇ ಬರೆಸಿದರು ಜಗದಕ್ಕ. ಅವತ್ತು ಸಂಜೆಯೇ ಯೋಗರಾಜ್ ಮಷಿನ್ನನ್ನು ಗಾಡಿಗೆ ಏರಿಸಿದ. ಜೊತೆಗೆ ಪೈಪೂ, ಕೊಳಾಯಿ ರಿಪೇರಿಯವನೂ ಹೊರಟರು. ಹುಲಿಯಪ್ಪ ಹಿಂದೆ ಹತ್ತಿ, ಅದು ಬೀಳದ ಹಾಗೆ ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತ. ಹಾರ ಹಾಗೆಯೇ ಇತ್ತು.

ಮಾರನೆ ದಿನ ಅಂಗಡಿಯಲ್ಲಿ ವರದಿಯ ಫೈಲ್ ತೆರೆದೆ. ಹದಿನೇಳನೇ ಪುಟ ಸರಿ ಮಾಡಿದೆ. ಒಂದು ಶಾಲೆ, ಒಂದು ಮಷಿನ್, ನೀರು ಬಂದ ನಿಜವಾದ ತಾರೀಖು. ಮೂವತ್ತನೇ ಪುಟದಲ್ಲಿ ಹಸಿರುಗೆರೆಯನ್ನು ಅದು ಇರಬೇಕಾದ ಜಾಗಕ್ಕೆ ಇಳಿಸಿದೆ. ಅಡಿಯಲ್ಲಿದ್ದ ಚಂದದ ಮಾತನ್ನು ತೆಗೆದುಹಾಕಿದೆ. ಬೇಜಾರಾಯಿತು, ಸುಳ್ಳು ಹೇಳಲಾರೆ. ಆಮೇಲೆ ಒಂಬತ್ತನೇ ಪುಟಕ್ಕೆ ಬಂದು ಹುಲಿಯಪ್ಪನಿಗೆ ಫೋನ್ ಮಾಡಿದೆ. ಅಪಘಾತದ ದಿನಾಂಕ ಬೇಕಿತ್ತು.

ಹೇಳಿದ. ಹಿಂದಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ರಜೆಯಲ್ಲೂ ಊರ ಮಕ್ಕಳು ಬಾಟಲಿ ಹಿಡಿದು ಬಂದಿದ್ದಾರಂತೆ.

“ಸಾರ್,” ಎಂದ, “ಏನಂತ ಬರೀತೀರಾ?”

“ಅಪಘಾತ ಒಂದು, ಬೆರಳು ಹೋಗಿದೆ ಅಂತ.”

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು ಕೇಳಿತು.

“ಬರೀ ಬೆರಳು ಅಂತ ಬರೀತೀರಾ ಸಾರ್, ಹುಲಿಯಪ್ಪಂದು ಅಂತ ಬರೀತೀರಾ?”

“ನಿನ್ನ ಹೆಸರು ಹಾಕ್ಲಾ?”

“ಹಾಕಿ ಸಾರ್. ಒಂದು ವರ್ಷ ಸುಮ್ಮನಿದ್ದೆ. ಮಗಳಿಗೆ ತೋರಿಸ್ಬೇಕು.”

ಸೊನ್ನೆಯನ್ನು ಅಳಿಸಿದೆ. ಅದರೊಳಗೆ ನಗುತ್ತಿದ್ದ ಚಿತ್ರವೂ ಹೋಯಿತು. ಆ ಜಾಗದಲ್ಲಿ ಒಂದು ಎಂದು ಬರೆದು, ಪಕ್ಕದಲ್ಲಿ ಹುಲಿಯಪ್ಪ ಎಂದು ಬರೆದೆ.